ಮಂಕಾಗಿದ್ದ ಸಿ ತಂತಿ: ಉಕುಲೇಲೆಯ ಹಾರ್ಮೋನಿಕ್ ಹಿಂದೆ ನಾಲ್ಕು ವಾರ

ತಂಗಿಯ ಮಗಳು ಉಕುಲೇಲೆ ಕಲಿಯಲು ಶುರು ಮಾಡಿ ಒಂದು ವರ್ಷವಾಯಿತು. ಗಿಟಾರ್‌ನಂಥದೇ ಪುಟ್ಟ ವಾದ್ಯ ಅದು, ಜಿ, ಸಿ, ಇ, ಎ ಅಂತ ನಾಲ್ಕೇ ತಂತಿ. ಅವಳದು ಕಾನ್ಸರ್ಟ್ ಅಳತೆಯ, ಲ್ಯಾಮಿನೇಟ್ ಮರದ (ತೆಳು ಪದರಗಳನ್ನು ಅಂಟಿಸಿ ಮಾಡಿದ ಹಲಗೆಯ) ವಾದ್ಯ. ಬೇರೆಯವರು ಬಳಸಿ ಬಿಟ್ಟದ್ದನ್ನು ಕಡಿಮೆ ಬೆಲೆಗೆ ತಂದದ್ದು. ಕಾರ್ಡ್ ಹಿಡಿದು, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸಿದರೆ ಚೆನ್ನಾಗಿಯೇ ಕೇಳುತ್ತದೆ. ಕಳೆದ ತಿಂಗಳು ಅವಳ ಪಾಠ ಹಾರ್ಮೋನಿಕ್‌ಗೆ ಬಂತು. ಅಲ್ಲಿ ನಿಂತುಹೋಯಿತು.

“ಮಾಮ, ಎ ತಂತೀಲಿ ಬರುತ್ತೆ. ಸಿ ತಂತೀಲಿ ಬರೋದೇ ಇಲ್ಲ. ನನ್ನ ಬೆರಳೇ ಸರಿ ಇಲ್ವಾ?”

ನಾನು ತೆಗೆದುಕೊಂಡು ನೋಡಿದೆ. 12ನೇ ಫ್ರೆಟ್ (ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಮೇಲೆ ಎ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿದರೆ ಸಣ್ಣ ಗಂಟೆಯ ಹಾಗೆ ಮೊಳಗುತ್ತದೆ. ಜಿ ತಂತಿಯೂ ಪರವಾಗಿಲ್ಲ. ಇ ತಂತಿ ಅರೆಮನಸ್ಸಿನದು. ಸಿ ತಂತಿಯಂತೂ “ತುಪ್” ಎಂದು ಸುಮ್ಮನಾಗುತ್ತದೆ. ಅವಳ ಬೆರಳಿನ ತಪ್ಪಲ್ಲ ಅಂತ ಆಗಲೇ ಗೊತ್ತಾಯಿತು. ಹೊರಗಿನ ಎರಡು ತಂತಿ ಸರಿ, ನಡುವಿನ ಎರಡು ಮಂಕು. ಇದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಕೊನೆಗೆ ದಾರಿ ತೋರಿಸಿದ್ದು ಈ ಒಂದು ಸಾಲೇ.

ಹಾರ್ಮೋನಿಕ್ ಎಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ತಂತಿ ಮೀಟಿದಾಗ ಅದು ಒಂದೇ ರೀತಿ ಅಲುಗುವುದಿಲ್ಲ. ಇಡೀ ತಂತಿಯಾಗಿ ಅಲುಗುತ್ತದೆ. ಜೊತೆಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿ ಕೂಡ ಅಲುಗುತ್ತದೆ. ಸರಿಯಾಗಿ ಅರ್ಧದಲ್ಲಿ ಬೆರಳು ತಾಗಿಸಿದರೆ ಇಡೀ ತಂತಿಯ ಅಲುಗಾಟ ನಿಲ್ಲುತ್ತದೆ. ಆ ಜಾಗದಲ್ಲಿ ಮೊದಲೇ ಅಲುಗದೆ ಇರುವ ಸ್ವರಗಳು ಮಾತ್ರ ಉಳಿಯುತ್ತವೆ. ಸಿ ತಂತಿಯನ್ನು ಷಡ್ಜ ಅಂದುಕೊಳ್ಳಿ. ಅರ್ಧದಲ್ಲಿ ಮುಟ್ಟಿದರೆ ಮೇಲಿನ ಸ. ಮೂರನೇ ಒಂದು ಭಾಗದಲ್ಲಿ ಅದರ ಮೇಲಿನ ಪ. ನಾಲ್ಕನೇ ಒಂದರಲ್ಲಿ ಇನ್ನೂ ಮೇಲಿನ ಸ. ಐದನೇ ಒಂದರಲ್ಲಿ ಅಂತರ ಗಾಂಧಾರ. ಈ ಜಾಗಗಳು ಕ್ರಮವಾಗಿ 12, 7, 5, 4ನೇ ಫ್ರೆಟ್‌ಗಳ ಹತ್ತಿರ ಬರುತ್ತವೆ. ತಂಬೂರಿ ಶ್ರುತಿ ಸೇರಿದಾಗ ತಾನಾಗಿ ಕೇಳಿಸುವ ಸ್ವಯಂಭು ಗಾಂಧಾರ ಅಂತ ನಮ್ಮ ಸಂಗೀತದವರು ಹೇಳುತ್ತಾರಲ್ಲ, ಅದರ ಮೂಲವೂ ಇದೇ.

ರಿಪೇರಿ ಮಾಡುವವನಿಗೆ ಹಾರ್ಮೋನಿಕ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇಲ್ಲಿ ಫ್ರೆಟ್‌ಗೆ ಕೆಲಸವಿಲ್ಲ, ಒತ್ತುವ ಬೆರಳಿಗೂ ಕೆಲಸವಿಲ್ಲ. ತಂತಿ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಹೊರುವ ಪಟ್ಟಿ) ಸ್ಯಾಡಲ್‌ವರೆಗೆ (ಒಡಲಿನ ಕಡೆ ತಂತಿ ಹೊರುವ ಪಟ್ಟಿ) ಬಿಡಿಯಾಗಿ ನುಡಿಯುತ್ತದೆ. ಅದರ ಬಲವೂ ಕಡಿಮೆ. ಎರಡು ತುದಿಗಳಲ್ಲಿ ಎಲ್ಲಿ ಸ್ವಲ್ಪ ಸೋರಿಕೆ ಇದ್ದರೂ ತಕ್ಷಣ ಕಿವಿಗೆ ಬೀಳುತ್ತದೆ. ಕಾರ್ಡ್ ನುಡಿಸುವಾಗ ಆ ಸೋರಿಕೆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಕೆಲಸ ಶುರು ಮಾಡುವ ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ವಾದ್ಯ ತೊಡೆಯ ಮೇಲೆ, ಫೋನ್ ಒಂದು ಗೇಣು ದೂರ. ಪ್ರತಿ ಹಾರ್ಮೋನಿಕ್ ಐದು ಸಲ. ಅಲೆಯ ಗೆರೆ ಮಾಯವಾಗುವವರೆಗೆ ಎಷ್ಟು ಹೊತ್ತು ಅಂತ ಅಳೆದೆ. 12ನೇ ಫ್ರೆಟ್‌ನಲ್ಲಿ ಎ ತಂತಿ ಸುಮಾರು 2.2 ಸೆಕೆಂಡು. ಸಿ ತಂತಿ 1 ಸೆಕೆಂಡು, ಅದೂ ಕಷ್ಟಪಟ್ಟು. ಅಳೆಯುವಾಗ ಉಳಿದ ಮೂರು ತಂತಿಗಳ ನಡುವೆ ಬಟ್ಟೆ ತೂರಿಸಿದ್ದೆ. ಇದು ಮುಖ್ಯ. ಸಿ ತಂತಿಯ 7ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಜಿ ತಂತಿಯ 12ನೇ ಫ್ರೆಟ್‌ನದು ಒಂದೇ ಸ್ವರ, ಸುಮಾರು 785 ಹರ್ಟ್ಜ್. ಒಂದನ್ನು ಮೀಟಿದರೆ ಇನ್ನೊಂದೂ ದನಿಗೂಡಿಸುತ್ತದೆ. ಜಿ ತಂತಿ ಶ್ರುತಿಯಲ್ಲಿದ್ದರೆ ಸೊಗಸು. ಸ್ವಲ್ಪ ತಪ್ಪಿದ್ದರೂ ಎರಡೂ ಸೇರಿ ಅಲೆ ಅಲೆಯಾಗಿ ಕೇಳುತ್ತದೆ, ದೋಷ ಯಾವುದರದ್ದು ಅಂತ ತಿಳಿಯುವುದಿಲ್ಲ.

ಮೊದಲ ವಾರ: ಮುಟ್ಟುವ ಜಾಗ, ಮೀಟುವ ಜಾಗ

ವಾದ್ಯಕ್ಕೆ ಕೈ ಹಾಕುವ ಮೊದಲು ಸ್ಕೇಲ್ ಹಿಡಿದು ಕೂತೆ. ನಟ್‌ನಿಂದ 12ನೇ ಫ್ರೆಟ್‌ಗೆ 190 ಮಿ.ಮೀ. ಹಾಗಾದರೆ ಪೂರ್ತಿ ತಂತಿ 380 ಇರಬೇಕು ಅಲ್ವಾ? ಇಲ್ಲ. ಸಿ ತಂತಿ ಸ್ಯಾಡಲ್ ಮುಟ್ಟುವ ಜಾಗಕ್ಕೆ 382 ಇತ್ತು. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಹಿಗ್ಗಿ ಶ್ರುತಿ ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ಒಂದೆರಡು ಮಿ.ಮೀ. ಹಿಂದಕ್ಕೆ ಇಟ್ಟಿರುತ್ತಾರೆ. ಆದರೆ ಹಾರ್ಮೋನಿಕ್‌ನಲ್ಲಿ ತಂತಿಯನ್ನು ಒತ್ತುವುದಿಲ್ಲ. ಅದಕ್ಕೆ ಬೇಕಾದ್ದು ನಿಜವಾದ ಉದ್ದದ ಅರ್ಧ, ಅಂದರೆ 191. ಫ್ರೆಟ್‌ನಿಂದ 1 ಮಿ.ಮೀ. ಆಚೆ.

ಉಳಿದವನ್ನೂ ಲೆಕ್ಕ ಹಾಕಿದೆ. 7ನೇ ಫ್ರೆಟ್ 126.4ರಲ್ಲಿದೆ, ತಂತಿಯ ಅಲುಗದ ಬಿಂದು 127.3ರಲ್ಲಿ. 5ನೇ ಫ್ರೆಟ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ದೊಡ್ಡ ವ್ಯತ್ಯಾಸ ಇರುವುದು 4ನೇ ಫ್ರೆಟ್‌ನಲ್ಲಿ. ಫ್ರೆಟ್ 78.4, ಬಿಂದು 76.4. ಎರಡು ಮಿ.ಮೀ. ನಟ್ ಕಡೆಗೆ. ಗಾಂಧಾರ ಬರುವುದಿಲ್ಲ ಎಂದು ಕೈಬಿಡುವವರು ಹೆಚ್ಚಾಗಿ ಫ್ರೆಟ್‌ನ ನೆತ್ತಿಯ ಮೇಲೇ ಮುಟ್ಟುತ್ತಿರುತ್ತಾರೆ. ಮೇಲೆ ಮೇಲೆ ಹೋದ ಹಾಗೆ ಒಂದೊಂದು ಭಾಗವೂ ಚಿಕ್ಕದಾಗುತ್ತದೆ, ಬೆರಳಿನ ಅಗಲ ಮಾತ್ರ ಅಷ್ಟೇ ಇರುತ್ತದೆ. ಗಿಟಾರ್‌ನಲ್ಲಿ ಸುಮಾರು 650 ಮಿ.ಮೀ. ತಂತಿ ಇರುವುದರಿಂದ ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಬೆರಳಿನ ಮೆತ್ತನೆಯ ಭಾಗದ ಬದಲು ತುದಿಯ ಪಕ್ಕದ ಗಟ್ಟಿ ಭಾಗವನ್ನು ತಾಗಿಸು ಅಂತ ಅವಳಿಗೆ ಹೇಳಿದೆ. ಮೀಟಿದ ತಕ್ಷಣ ಬೆರಳು ಎತ್ತಬೇಕು, ಅದೂ ನೇರ ಮೇಲಕ್ಕೆ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಬಲಗೈ. ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ಅಲುಗದ ಬಿಂದು ಇರುವ ಸ್ವರ ಹುಟ್ಟುವುದೇ ಇಲ್ಲ. ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಹೇಳಿದ ನಿಯಮ ಇದು. 5ನೇ ಫ್ರೆಟ್‌ನ ಹಾರ್ಮೋನಿಕ್‌ನಲ್ಲಿ ತಂತಿ ನಾಲ್ಕು ಭಾಗವಾಗುತ್ತದೆ. ಸ್ಯಾಡಲ್‌ನಿಂದ 95.5 ಮಿ.ಮೀ. ದೂರದಲ್ಲಿ ಒಂದು ಅಲುಗದ ಬಿಂದು ಇದೆ. ಈ ವಾದ್ಯದ ಸೌಂಡ್‌ಹೋಲ್‌ನ ನಡುಬಿಂದು ಸ್ಯಾಡಲ್‌ನಿಂದ ಎಷ್ಟು ದೂರ ಅಂತ ಅಳೆದೆ. 97! ಅಂದರೆ ಎಲ್ಲರೂ ಸಹಜವಾಗಿ ಮೀಟುವ ಜಾಗದಲ್ಲಿಯೇ ಆ ಸ್ವರ ಸಾಯುತ್ತದೆ. ಹುಡುಗಿ ಅಷ್ಟು ದಿನ ಅಲ್ಲೇ ಮೀಟುತ್ತಿದ್ದಳು.

ಒಂದು ಕಾಗದದ ಪಟ್ಟಿಯ ಮೇಲೆ ಗುರುತು ಹಾಕಿ ತಂತಿಗಳ ಕೆಳಗೆ ಅಂಟಿಸಿದೆ. 12ನೇ ಫ್ರೆಟ್‌ನ ಹಾರ್ಮೋನಿಕ್‌ಗೆ ಸ್ಯಾಡಲ್‌ನಿಂದ 95 ಮಿ.ಮೀ. ದೂರದಲ್ಲಿ ಮೀಟಬೇಕು, ಅಂದರೆ ಸೌಂಡ್‌ಹೋಲ್‌ನ ನಡುವೆ. 7ನೇ ಫ್ರೆಟ್‌ಗೆ 64, ಅಂದರೆ ರಂಧ್ರದ ಅಂಚಿನ ಹತ್ತಿರ. 5ನೇ ಫ್ರೆಟ್‌ಗೆ 48. 4ನೇ ಫ್ರೆಟ್‌ಗೆ 38, ಸ್ಯಾಡಲ್‌ಗೆ ಸಾಕಷ್ಟು ಹತ್ತಿರ. ಪ್ರತಿಯೊಂದಕ್ಕೂ ಅದರ ಒಂದು ಭಾಗದ ಅರ್ಧದಷ್ಟು ದೂರ. ಅಲ್ಲಿ ಆ ಸ್ವರದ ಅಲುಗಾಟ ಅತಿ ಹೆಚ್ಚು. ಎ ತಂತಿಯ 5ನೇ ಫ್ರೆಟ್ ಅವಳ ಕೈಯಲ್ಲಿ ಮೊದಲ ಸಲ ಮೊಳಗಿದ್ದು ಆ ಸಂಜೆಯೇ. ಒಂದು ರೂಪಾಯಿ ಖರ್ಚಿಲ್ಲದೆ.

ಸಿ ತಂತಿ ಮಾತ್ರ ಕದಲಲಿಲ್ಲ.

ಎರಡನೇ ವಾರ: ತಂತಿ

ಹಳೆಯ ತಂತಿ ನೈಲಾನ್. ಕ್ಯಾಲಿಪರ್‌ನಲ್ಲಿ ಅಳೆದಾಗ ಸಿ ತಂತಿ ಸ್ಯಾಡಲ್ ಹತ್ತಿರ 1.02 ಮಿ.ಮೀ. ದಪ್ಪ ಇತ್ತು. ಮೊದಲ ಮೂರು ಫ್ರೆಟ್‌ಗಳ ಜಾಗದಲ್ಲಿ 0.97. ಬಿಚ್ಚಿ ಬೆರಳಿನ ನಡುವೆ ಎಳೆದರೆ ತಗ್ಗುಗಳು ಕೈಗೇ ಗೊತ್ತಾಗುತ್ತಿದ್ದವು. ಫ್ರೆಟ್ ತಾಗಿ ತಾಗಿ ಸವೆದಿದೆ. ತಂತಿಯ ತೂಕ ಉದ್ದಕ್ಕೂ ಒಂದೇ ಸಮ ಇಲ್ಲದಿದ್ದರೆ ಅಲುಗದ ಬಿಂದುಗಳು ಲೆಕ್ಕದ ಜಾಗದಲ್ಲಿ ಕೂರುವುದಿಲ್ಲ. ಒಂದೊಂದು ಸ್ವರದ ಬಿಂದು ಒಂದೊಂದು ಕಡೆ ಸರಿಯುತ್ತದೆ. ಬೆರಳು ಒಂದಕ್ಕೆ ಸರಿಯಾದರೆ ಇನ್ನೊಂದನ್ನು ಅದುಮುತ್ತದೆ.

ಹೊಸ ತಂತಿ ಫ್ಲೋರೋಕಾರ್ಬನ್. ಮೀನು ಹಿಡಿಯುವ ಗಾಳದ ದಾರಕ್ಕೆ ಬಳಸುವ ವಸ್ತುವೇ. ನೈಲಾನ್‌ಗಿಂತ ಒಂದೂವರೆ ಪಟ್ಟು ಸಾಂದ್ರ. ಹಾಗಾಗಿ ಅದೇ ತೂಕಕ್ಕೆ ತೆಳು ತಂತಿ ಸಾಕು. 1.02ರ ಜಾಗದಲ್ಲಿ 0.81 ಹಾಕಿದೆ. ಎಳೆತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, 3.7 ಕಿಲೋ ಆಸುಪಾಸು. ತೆಳುವಾದಷ್ಟೂ ತಂತಿ ಸಲೀಸಾಗಿ ಬಾಗುತ್ತದೆ. ಸಿ ತಂತಿ ಉಕುಲೇಲೆಯಲ್ಲಿ ಅತಿ ದಪ್ಪದ್ದು. ದಪ್ಪ ಮತ್ತು ಗಿಡ್ಡ, ಎರಡೂ ಸೇರಿದಾಗ ತಂತಿ ಸ್ವಲ್ಪ ಕೋಲಿನ ಹಾಗೆ ವರ್ತಿಸುತ್ತದೆ. ಐದು ಭಾಗವಾಗಿ ಬಾಗು ಅಂದರೆ ಕೋಲು ಒಪ್ಪುತ್ತದೆಯೇ? ಯಾವ ಉಕುಲೇಲೆ ತೆಗೆದುಕೊಂಡರೂ ಸಿ ತಂತಿಯ ಮೇಲಿನ ಹಾರ್ಮೋನಿಕ್‌ಗಳು ಎ ತಂತಿಗಿಂತ ಮಂಕಾಗಿರುವುದಕ್ಕೆ ಇದೂ ಒಂದು ಕಾರಣ. ನೈಲಾನ್ ತೇವ ಹೀರುತ್ತದೆ ಕೂಡ. ಮಳೆಗಾಲದಲ್ಲಿ ಶ್ರುತಿ ಜಾಸ್ತಿ ಕದಲುತ್ತದೆ.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು ಅನಿಸುತ್ತದೆ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದ ವಲಸಿಗರನ್ನು ಹೊತ್ತು ಹವಾಯಿಯ ಹೊನೊಲುಲು ಮುಟ್ಟಿತು. ಅದರಲ್ಲಿ ಮೂವರು ಮರಗೆಲಸದವರಿದ್ದರು. ಮ್ಯಾನುಯೆಲ್ ನ್ಯೂನೆಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ, ಆಗಸ್ಟೊ ಡಿಯಾಸ್. ತಮ್ಮೂರಿನ ಪುಟ್ಟ ಮಶೆಟ್ ವಾದ್ಯದ ಮಾದರಿಯಲ್ಲಿ, ಹವಾಯಿಯ ಕೋವಾ ಮರದಲ್ಲಿ ಅವರು ಮಾಡಿದ ವಾದ್ಯಗಳೇ ಉಕುಲೇಲೆಯಾದವು. ಆಗ ಇದ್ದದ್ದು ಪ್ರಾಣಿಗಳ ಕರುಳಿನ ತಂತಿ. ನೈಲಾನ್ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಂದರೆ ತಂತಿ ಬದಲಾಯಿಸಿ ದನಿ ಹುಡುಕುವುದು ಈ ವಾದ್ಯಕ್ಕೆ ಹೊಸದೇನಲ್ಲ.

ಹೊಸ ತಂತಿ ಹಾಕಿದ ದಿನವೇ ಅಳೆಯಬಾರದು. ಅದು ಇನ್ನೂ ಹಿಗ್ಗುತ್ತಿರುತ್ತದೆ, ಬೆರಳು ಮುಟ್ಟುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ನಾಲ್ಕು ದಿನ ದಿನಕ್ಕೆರಡು ಸಲ ಶ್ರುತಿ ಮಾಡಿ ಬಿಟ್ಟೆ. ಆಮೇಲೆ ರೆಕಾರ್ಡ್ ಮಾಡಿದೆ. ಎ ತಂತಿ 2.4. ಸಿ ತಂತಿ 1.3. ಏರಿದೆ, ಆದರೆ ಮಂಕು ಹೋಗಿಲ್ಲ.

ದೋಷ ಎಲ್ಲಿದೆ ಅಂತ ಹಿಡಿದದ್ದು

ಆಗ ಒಂದು ಉಪಾಯ ಮಾಡಿದೆ. ಇದನ್ನು ಎಲ್ಲರೂ ಮಾಡಿ ನೋಡಬಹುದು, ಉಪಕರಣ ಏನೂ ಬೇಡ. ಎಡಗೈಯಲ್ಲಿ ಸಿ ತಂತಿಯನ್ನು 1ನೇ ಫ್ರೆಟ್‌ಗೆ ಒತ್ತಿ ಹಿಡಿಯಿರಿ. ಈಗ ತಂತಿಯ ಒಂದು ತುದಿ ನಟ್ ಅಲ್ಲ, ಲೋಹದ ಫ್ರೆಟ್. ಬಲಗೈ ತೋರುಬೆರಳಿನಿಂದ 13ನೇ ಫ್ರೆಟ್‌ನ ಮೇಲೆ ಮುಟ್ಟಿ, ಅದೇ ಕೈಯ ಹೆಬ್ಬೆರಳಿನಿಂದ ಮೀಟಿ. ಬಿಡಿ ತಂತಿಯಲ್ಲಿ ಮಂಕಾಗಿದ್ದ ಹಾರ್ಮೋನಿಕ್ ಈಗ ಮೊಳಗಿದರೆ ದೋಷ ನಟ್‌ನಲ್ಲಿದೆ. ಈಗಲೂ ಮಂಕಾಗಿದ್ದರೆ ಸ್ಯಾಡಲ್ ಕಡೆ ನೋಡಬೇಕು, ಇಲ್ಲವೇ ತಂತಿಯನ್ನೇ ಅನುಮಾನಿಸಬೇಕು.

ಸಿ ತಂತಿ ಸ್ವಲ್ಪ ಏರಿತು, ಪೂರ್ತಿ ಅಲ್ಲ. ಅಂದರೆ ಎರಡೂ ಕಡೆ ತೊಂದರೆ ಇದೆ. ಇ ತಂತಿಯಲ್ಲಿ ಏನೂ ಬದಲಾಗಲಿಲ್ಲ. ಅದರದ್ದು ಸ್ಯಾಡಲ್ ಕಡೆಯ ದೋಷ ಮಾತ್ರ.

ಅಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು. ಅವರು ನಲವತ್ತು ವರ್ಷದಿಂದ ವೀಣೆ ನುಡಿಸುವವರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೇಳಿದರು:

“ಕುದುರೆ ಸರಿಯಾಗಿ ಕೂತಿಲ್ಲ ಕಣೋ. ನಮ್ಮ ವೀಣೇಲೂ ಕುದುರೆ ಕೆಳಗೆ ಸಂದು ಬಿಟ್ರೆ ಹೀಗೇ ಸಪ್ಪೆ ಆಗುತ್ತೆ.”

ವೀಣೆಯಲ್ಲಿ ತಂತಿ ಹೊರುವ ಸೇತುವೆಗೆ ಕುದುರೆ ಅಂತಲೇ ಹೆಸರು. ಉಕುಲೇಲೆಯಲ್ಲಿ ಮರದ ಬ್ರಿಡ್ಜ್‌ನೊಳಗೆ ಒಂದು ಕಿರಿದಾದ ಗಾಡಿ, ಅಂದರೆ ಸೀಳು. ಅದರಲ್ಲಿ ನಿಲ್ಲಿಸಿದ ತೆಳು ಪಟ್ಟಿಯೇ ಸ್ಯಾಡಲ್. ತಂತಿಯ ಅಲುಗಾಟವೆಲ್ಲ ಈ ಪಟ್ಟಿಯ ತಳದ ಮೂಲಕ ಬ್ರಿಡ್ಜ್‌ಗೆ, ಅಲ್ಲಿಂದ ಮೇಲಿನ ಹಲಗೆಗೆ ಇಳಿಯಬೇಕು.

ಮೂರನೇ ವಾರ: ಸ್ಯಾಡಲ್

ತಂತಿ ಸಡಿಲ ಮಾಡಿ ಸ್ಯಾಡಲ್ ಎಳೆದೆ. ಬೆರಳಿನಲ್ಲೇ ಬಂತು. ಅದು ಅಷ್ಟು ಸುಲಭವಾಗಿ ಬರಬಾರದಿತ್ತು. ಪ್ಲಾಸ್ಟಿಕ್ ಪಟ್ಟಿ, ತಳದಲ್ಲಿ ಟೊಳ್ಳು. ಮರಗೆಲಸದವರು ಬಾಗಿಲು ಕೂರಿಸುವಾಗ ಸುಣ್ಣ ಹಚ್ಚಿ ಎಲ್ಲಿ ತಾಗುತ್ತದೆ ಅಂತ ನೋಡುತ್ತಾರಲ್ಲ, ನಾನೂ ಅದನ್ನೇ ಮಾಡಿದೆ. ಸ್ಯಾಡಲ್‌ನ ತಳಕ್ಕೆ ಮೆತ್ತನೆಯ ಪೆನ್ಸಿಲ್ ಉಜ್ಜಿ, ಗಾಡಿಯಲ್ಲಿ ಇಟ್ಟು ಒತ್ತಿ, ಹೊರಗೆ ತೆಗೆದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಗಾಡಿಯ ಎರಡು ತುದಿಗಳಲ್ಲಿ ಮಾತ್ರ ಕಪ್ಪು ಗುರುತು. ನಡುವೆ ಮರ ಹಾಗೇ ಇದೆ. ಎರಡೂ ತುದಿಗಳಲ್ಲಿ ಒಣಗಿದ ಗೋಂದಿನ ಉಬ್ಬು. ಅದರ ಮೇಲೆ ಸ್ಯಾಡಲ್ ತೂಗುಸೇತುವೆಯ ಹಾಗೆ ನಿಂತಿತ್ತು. ಜಿ ಮತ್ತು ಎ ತಂತಿಗಳ ಕೆಳಗೆ ಆಸರೆ ಇದೆ. ಸಿ ಮತ್ತು ಇ ಕೆಳಗೆ ಬರೀ ಗಾಳಿ!

ಮೊದಲ ದಿನ ಬರೆದಿಟ್ಟುಕೊಂಡ ಸಾಲಿಗೆ ಉತ್ತರ ಸಿಕ್ಕಿತು.

ಹ್ಯಾಕ್ಸಾ ಬ್ಲೇಡಿನ ಒಂದು ತುಂಡನ್ನು ಗಾಡಿಯ ಅಗಲಕ್ಕೆ, ಅಂದರೆ 3 ಮಿ.ಮೀ.ಗೆ ಸಾಣೆ ಹಿಡಿದು ಪುಟ್ಟ ಉಳಿ ಮಾಡಿಕೊಂಡೆ. ಗೋಂದನ್ನು ಕೆರೆದು ತೆಗೆದೆ. ಪೆನ್ಸಿಲ್ ಹಚ್ಚಿ ನೋಡುವುದು, ಕೆರೆಯುವುದು, ಮತ್ತೆ ಹಚ್ಚುವುದು. ಹೀಗೆ ಹನ್ನೆರಡು ಸಲ ಆಗಿರಬಹುದು. ಕೊನೆಗೆ ಗುರುತು ಉದ್ದಕ್ಕೂ ಒಂದೇ ಸಮ ಬಿತ್ತು.

ಇಲ್ಲಿ ಆತುರಪಡದೆ ಒಂದು ಕೆಲಸ ಮಾಡಿದ್ದಕ್ಕೆ ಈಗ ಖುಷಿಯಿದೆ. ಮೂಳೆಯ ಹೊಸ ಪಟ್ಟಿ ತಂದಿಟ್ಟಿದ್ದೆ. ಆದರೂ ಮೊದಲು ಹಳೆಯ ಪ್ಲಾಸ್ಟಿಕ್ ಸ್ಯಾಡಲನ್ನೇ ಹಾಕಿ ಅಳೆದೆ. ಸಿ ತಂತಿ 1.9! ಒಂದು ಪೈಸೆಯ ಸಾಮಾನು ಬದಲಾಗದೆ, ಬರೀ ಕೂರುವ ಜಾಗ ಸರಿಯಾದದ್ದಕ್ಕೆ. ಸಮತಟ್ಟಾದ ಗಾಡಿಯಲ್ಲಿ ಅದೇ ಪ್ಲಾಸ್ಟಿಕ್ ಅಷ್ಟು ಕೆಲಸ ಮಾಡಿತು. ಮೂಳೆ ಹಾಕಿದರೆ ದನಿ ಬದಲಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಇರಬಹುದು. ಆದರೆ ಹೊಸ ಸ್ಯಾಡಲ್ ಹಾಕುವಾಗ ಗಾಡಿಯನ್ನೂ ಸರಿ ಮಾಡುತ್ತಾರೆ. ಎರಡರ ಲಾಭವೂ ಮೂಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ನಂತರ ಮೂಳೆ. ಗಾಜಿನ ಹಲಗೆಯ ಮೇಲೆ ಮರಳು ಕಾಗದ ಅಂಟಿಸಿ ತಳ ಉಜ್ಜಿದೆ. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಮೂಳೆಯ ಪುಡಿ ಬಹಳ ನುಣುಪು, ಎದೆಗೆ ಒಳ್ಳೆಯದಲ್ಲ. ಎತ್ತರವನ್ನು 12ನೇ ಫ್ರೆಟ್‌ನಲ್ಲಿ ತಂತಿಯ ಕೆಳಗೆ 2.5 ಮಿ.ಮೀ. ಸಂದು ಉಳಿಯುವ ಹಾಗೆ ಇಟ್ಟೆ. ಆ ಜಾಗದಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿ.ಮೀ. ತೆಗೆಯಬೇಕು.

ತಂಬೂರಿಯಾದ ಉಕುಲೇಲೆ

ತಂತಿ ಏರಿಸಿ ಮೀಟಿದೆ. ಅಡುಗೆಮನೆಯಿಂದಲೇ ಅಮ್ಮ ಕೂಗಿದರು: “ಇದೇನೋ, ತಂಬೂರಿ ಥರ ಜುಯ್ ಅಂತಿದೆ!”

ನಿಜವಾಗಿ ಹಾಗೇ ಇತ್ತು. ಬಿಡಿ ತಂತಿಗಳೆಲ್ಲ ಝೇಂಕರಿಸುತ್ತಿದ್ದವು. ಹಾರ್ಮೋನಿಕ್ ಮುಟ್ಟಿದರೆ ಸ್ವರದ ಸುತ್ತ ಮರಳು ಅಂಟಿದ ಹಾಗೆ. ತಪ್ಪು ನನ್ನದೇ. ಸ್ಯಾಡಲ್‌ನ ನೆತ್ತಿಯನ್ನು ಚಪ್ಪಟೆಯಾಗಿ, 3 ಮಿ.ಮೀ. ಅಗಲಕ್ಕೂ ಹಾಗೇ ಬಿಟ್ಟಿದ್ದೆ. ನುಣುಪು ಮಾಡುವುದರಲ್ಲಿ ಮುಳುಗಿ ಅದರ ಆಕಾರ ಮರೆತಿದ್ದೆ.

ತಂಬೂರಿಯ ಕುದುರೆ ಅಗಲವಾಗಿ, ಸ್ವಲ್ಪ ಬಾಗಿ ಇರುತ್ತದೆ. ತಂತಿ ಅಲುಗುವಾಗ ಅದರ ಮೇಲೆ ಸವರಿಕೊಂಡು ಹೋಗುತ್ತದೆ. ಅದಕ್ಕೇ ಅಲ್ಲಿ ದಾರದ ಎಳೆ ಸಿಕ್ಕಿಸಿ, ಕೂದಲಿನಷ್ಟು ಅತ್ತಿತ್ತ ಸರಿಸಿ ಜೀವ ಹಿಡಿಯುತ್ತಾರೆ. ಪ್ರತಿ ಅಲುಗಾಟದಲ್ಲೂ ತಂತಿಯ ತುದಿ ಮುಂದಕ್ಕೆ ಹಿಂದಕ್ಕೆ ಹೋಗುತ್ತಿರುತ್ತದೆ. ಆಗ ಮೇಲಿನ ಸ್ವರಗಳಿಗೆ ಮತ್ತೆ ಮತ್ತೆ ಬಲ ಸಿಗುತ್ತದೆ. ಬೆಂಗಳೂರಿನಲ್ಲಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದ ಸಿ. ವಿ. ರಾಮನ್ ಅವರು, ಇನ್ನೂ ಕೋಲ್ಕತ್ತದಲ್ಲಿದ್ದಾಗ, 1921ರಲ್ಲಿ ಇದನ್ನೇ ಬರೆದರು. ತಂಬೂರಿ ಮತ್ತು ವೀಣೆಯಲ್ಲಿ ಯಂಗ್‌ನ ನಿಯಮ ನಡೆಯುವುದಿಲ್ಲ, ಅಲುಗದ ಬಿಂದುವಿನಲ್ಲೇ ಮೀಟಿದರೂ ಆ ಸ್ವರ ಕೇಳಿಸುತ್ತದೆ ಅಂತ. ಕಾರಣ ಆ ಬಾಗಿದ ಕುದುರೆ.

ಸುಮ್ಮನಿರಲಾಗಲಿಲ್ಲ. ಅಮ್ಮನ ವೀಣೆಯ ಹತ್ತಿರ ಕೂತೆ. ಬಿಡಿ ತಂತಿಯನ್ನು ಸರಿಯಾಗಿ ಅರ್ಧದಲ್ಲಿ ಮೀಟಿ, ಮರುಕ್ಷಣ ಅದೇ ಜಾಗವನ್ನು ಬೆರಳಿನಿಂದ ಮುಟ್ಟಿದೆ. ಮೇಲಿನ ಸ ಸ್ಪಷ್ಟವಾಗಿ ಹಾಡಿತು. ಉಕುಲೇಲೆಗೆ ಹಳೆಯ ಸ್ಯಾಡಲ್ ಹಾಕಿ ಅದನ್ನೇ ಮಾಡಿದೆ. ಹೆಚ್ಚುಕಡಿಮೆ ಮೌನ. ನೂರು ವರ್ಷದ ಹಿಂದೆ ಬರೆದ ವಿಷಯ ಮನೆಯ ಚಾಪೆಯ ಮೇಲೆ ಕಿವಿಗೆ ಬಿದ್ದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಹುಡುಗಿಗೆ ಹತ್ತು ಸಲ ಮಾಡಿ ತೋರಿಸಿದೆ. ಆಮೇಲೆ ಅವಳೇ ಮಾಡಿದಳು.

ವೀಣೆಗೆ ಬೇಕಾದ್ದು ಉಕುಲೇಲೆಗೆ ಬೇಡ. ಒಂದು ಹಾರ್ಮೋನಿಕ್ ಒಂಟಿಯಾಗಿ, ತಿಳಿಯಾಗಿ ಮೊಳಗಬೇಕಾದರೆ ತಂತಿ ಒಂದೇ ಗೆರೆಯಲ್ಲಿ ಕೊನೆಯಾಗಬೇಕು. ಸ್ಯಾಡಲ್‌ನ ನೆತ್ತಿಯನ್ನು ಇಳಿಜಾರಾಗಿ ಅರದಿಂದ ಉಜ್ಜಿದೆ. ಏಣು ಸುಮಾರು ಒಂದು ಮಿ.ಮೀ. ಉಳಿಯಿತು. ಅದನ್ನೂ ತಂತಿ ಕತ್ತರಿಸದ ಹಾಗೆ ಗುಂಡಗೆ ಮಾಡಿದೆ. ಎ ತಂತಿಗೆ ಏಣು ಮುಂದಿನ ಅಂಚಿನ ಕಡೆ, ದಪ್ಪದ ಸಿ ತಂತಿಗೆ ಹಿಂದಿನ ಕಡೆ. ಝೇಂಕಾರ ಪೂರ್ತಿ ನಿಂತಿತು.

ಪ್ಲಾಸ್ಟಿಕ್‌ನಲ್ಲಿ 1.9 ಇದ್ದ ಸಿ ತಂತಿ ಮೂಳೆಯಲ್ಲಿ 2.0. ಎ ತಂತಿಯ ಮೇಲಿನ ಸ್ವರಗಳಲ್ಲಿ ಹೊಳಪು ಹೆಚ್ಚಿತು. ಇಷ್ಟೇ ವ್ಯತ್ಯಾಸ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ನಾಲ್ಕನೇ ವಾರ: ನಟ್, ಮತ್ತೆ ಚಿಲ್ಲರೆ ಕೆಲಸ

ಸಿ ತಂತಿಯ ಇನ್ನೊಂದು ತುದಿ ಬಾಕಿ ಇತ್ತು. ಭೂತಗನ್ನಡಿ ಹಿಡಿದು ನೋಡಿದರೆ ನಟ್‌ನ ಗಾಡಿಯ ಮುಂದಿನ ಅಂಚು ಚೂರು ಮುರಿದಿದೆ. ತಂತಿ ಒಂದೂವರೆ ಮಿ.ಮೀ. ಹಿಂದೆ ಮುಟ್ಟುತ್ತಿತ್ತು. ಗಾಡಿ ಅಗಲವೂ ಜಾಸ್ತಿ. ತಂತಿ ಅದರೊಳಗೆ ಅತ್ತಿತ್ತ ಹೊರಳುತ್ತಿತ್ತು. ಮೂಳೆ ಉಜ್ಜಿದ ಪುಡಿಯನ್ನು ಎತ್ತಿಟ್ಟಿದ್ದೆ. ಅದನ್ನು ಗಾಡಿಯಲ್ಲಿ ತುಂಬಿ ಒಂದೇ ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಕ್ಷಣದಲ್ಲಿ ಕಲ್ಲಾಯಿತು. ಸುತ್ತಲಿನ ಮರಕ್ಕೆ ಮೊದಲೇ ಟೇಪ್ ಅಂಟಿಸಿರಬೇಕು, ಇಲ್ಲದಿದ್ದರೆ ಹನಿ ಹರಿದು ಕಲೆಯಾಗುತ್ತದೆ.

ಹೊಸ ಗಾಡಿ ಕೊರೆಯಲು ಬಳಸಿದ್ದು ಗ್ಯಾಸ್ ವೆಲ್ಡಿಂಗ್‌ನವರ ಟಿಪ್ ಕ್ಲೀನರ್. ಸಣ್ಣ ಸಣ್ಣ ದುಂಡು ಅರಗಳ ಗೊಂಚಲು ಅದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 0.81ರ ತಂತಿಗೆ ಕೂದಲೆಳೆಯಷ್ಟು ದೊಡ್ಡದನ್ನು ಆರಿಸಿಕೊಂಡೆ. ಗಾಡಿಯ ತಳ ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು. ಆಗ ತಂತಿ ಮುಂದಿನ ಅಂಚಿನಲ್ಲೇ ನಟ್ ಬಿಡುತ್ತದೆ. ನಾಲ್ಕು ಸಲ ಉಜ್ಜುವುದು, ತಂತಿ ಇಟ್ಟು ನೋಡುವುದು. ತಳ ಹೆಚ್ಚು ಇಳಿದರೆ ತಂತಿ 1ನೇ ಫ್ರೆಟ್‌ಗೆ ಬಡಿಯುತ್ತದೆ, ಮತ್ತೆ ಪುಡಿ ತುಂಬಬೇಕಾಗುತ್ತದೆ.

ಉಳಿದದ್ದು ಬೇಗ ಮುಗಿಯಿತು. ಇ ತಂತಿಯ ಬಿರಡೆಯ ಬುಡದ ತಿರುಪು ಸಡಿಲವಿತ್ತು, ಬಿಗಿ ಮಾಡಿದೆ. ಬ್ರಿಡ್ಜ್‌ನ ಅಂಚುಗಳ ಕೆಳಗೆ ತೆಳು ಕಾಗದ ತೂರಿಸಿ ನೋಡಿದೆ, ಎಲ್ಲೂ ಎದ್ದಿಲ್ಲ. ಹಿಂದಿನ ಹಲಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದಾಗ ಮತ್ತು ಬಿಟ್ಟು ಹಿಡಿದಾಗ ರೆಕಾರ್ಡ್ ಮಾಡಿದೆ. ಸ್ವಲ್ಪ ಬಿಟ್ಟು ಹಿಡಿದರೆ ಸಿ ತಂತಿಗೆ ಲಾಭವಿದೆ. ಕಿವಿಗೆ ಗೊತ್ತಾಗುತ್ತದೆ, ಆದರೆ ನನ್ನ ಅಳತೆಗೆ ಸಿಗುವಷ್ಟು ದೊಡ್ಡದಲ್ಲ.

ಈಗ 12ನೇ ಫ್ರೆಟ್‌ನಲ್ಲಿ ಸಿ ತಂತಿ 2.3 ಸೆಕೆಂಡು, ಎ ತಂತಿ 2.6. ಇ ತಂತಿಯೂ ಅವೆರಡರ ನಡುವೆ ಬಂದು ನಿಂತಿದೆ. ಹಲಗೆ ಅದೇ ಲ್ಯಾಮಿನೇಟ್, ಅದನ್ನು ಮುಟ್ಟಿಯೂ ಇಲ್ಲ. ಒಳ್ಳೆಯ ಮರ ಕೊಳ್ಳಬೇಕು ಅಂತ ಯೋಚಿಸುವ ಮೊದಲು ತಂತಿಯ ಎರಡು ತುದಿ ನೋಡಿ ಅಂತ ನಾನು ಗಟ್ಟಿಯಾಗಿ ಹೇಳುವುದು ಈ ಅಂಕಿಗಳನ್ನು ನೋಡಿಯೇ.

ಮೊನ್ನೆ ಹುಡುಗಿ ಮತ್ತೆ ಬಂದಳು. ಸಿ ತಂತಿಯ 4ನೇ ಫ್ರೆಟ್‌ನ ಹತ್ತಿರ, ಎರಡು ಮಿ.ಮೀ. ಹಿಂದೆ ಮುಟ್ಟಿ, ಸ್ಯಾಡಲ್ ಪಕ್ಕದಲ್ಲಿ ಮೀಟಿದಳು. ಸಣ್ಣದಾಗಿ, ಅರ್ಧ ಸೆಕೆಂಡು, ಗಾಂಧಾರ ಬಂತು. ಅವಳಿಗೆ ಸಮಾಧಾನವಿಲ್ಲ.

“ಮಾಮ, ಟ್ಯೂನರ್‌ನಲ್ಲಿ ಇ ತೋರಿಸ್ತಾ ಇದೆ, ಆದ್ರೆ 14 ಸೆಂಟ್ ಕಡಿಮೆ ಇದೆ. ಇನ್ನೂ ಏನೋ ಕೆಟ್ಟಿದ್ಯಾ?”

ಕೆಟ್ಟಿಲ್ಲ. ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಫ್ರೆಟ್‌ಗಳ ಶ್ರುತಿಯ ಅಂತರದಲ್ಲಿ ನೂರನೇ ಒಂದು ಪಾಲು. ತಂತಿಯ ಐದನೇ ಒಂದು ಭಾಗ ಕೊಡುವ ಗಾಂಧಾರವೇ ಅಷ್ಟು. ಸ ದಿಂದ ಮೇಲಿನ ಸ ವರೆಗಿನ ಶ್ರುತಿಯನ್ನು ಹನ್ನೆರಡು ಸಮಪಾಲು ಮಾಡಿ ಫ್ರೆಟ್‌ಗಳನ್ನು ಕೂರಿಸಿರುವುದರಿಂದ ಫ್ರೆಟ್‌ನ ಗಾಂಧಾರ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಟ್ಯೂನರ್ ಗುರುತಿಸುವುದು ಫ್ರೆಟ್‌ನದ್ದನ್ನು. ಅಮ್ಮ ತಂಬೂರಿ ಹಿಡಿದು ಅವಳಿಗೆ ಆ ಗಾಂಧಾರ ಎಲ್ಲಿ ಕೇಳಿಸುತ್ತದೆ ಅಂತ ತೋರಿಸುತ್ತಿದ್ದಾರೆ. ಮೂಳೆಯ ಪಟ್ಟಿಯಲ್ಲಿ ಇನ್ನೊಂದು ಸ್ಯಾಡಲ್‌ಗೆ ಆಗುವಷ್ಟು ಉಳಿದಿದೆ. ಅವಳ ಗೆಳತಿಯ ಸೊಪ್ರಾನೊ ಉಕುಲೇಲೆ ಮುಂದಿನ ಶನಿವಾರ ಬರುತ್ತದೆ. ಅದರ ಇ ತಂತಿ ಮಂಕಂತೆ. ಮೊದಲು ಪೆನ್ಸಿಲ್ ಹಚ್ಚಿ ನೋಡುತ್ತೇನೆ.